ಚಪ್ಪಲಿಗೆ ಮೆತ್ತಿದ ಉಪ್ಪು

ಗಿಡಗಳ ವಿಷಯ ಬಲ್ಲವರು ನಕ್ಕಾರು, ಆದರೂ ನಡೆದಷ್ಟನ್ನು ಹೇಳುತ್ತೇನೆ, ತಪ್ಪಿದ್ದರೆ ಮನ್ನಿಸಬೇಕು.

ಹೊಸ ಸೊಸೆ ಹ್ನಿಯಾ ತನ್ನ ಮೊದಲ ಅಡುಗೆಯನ್ನು, ಗೋಧಿರವೆಯನ್ನು ಹಬೆಯಲ್ಲಿ ಬೇಯಿಸಿ ಸೊಪ್ಪು ಬೆರೆಸಿದ ಕುಸ್ಕುಸನ್ನು, ದೊಡ್ಡ ಹರಿವಾಣದಲ್ಲಿ ತಂದಿಟ್ಟಳು. ಮರಳುಗಾಡಿನಂಚಿನ ಮೆದನೀನ್ ಊರಿನ ಕಡೆಯ ಮನೆಗಳಲ್ಲಿ ಹಿರಿಯರು ಮೊದಲ ಚಮಚ ಎತ್ತುವವರೆಗೆ ಯಾರೂ ಕೈ ಹಾಕುವುದಿಲ್ಲ. ಅತ್ತೆ ಮಬ್ರೂಕಾ ಚಮಚ ಎತ್ತಿದಳು. ಅಷ್ಟರಲ್ಲಿ ನಾದಿನಿ ಸಾಲ್ಹಾ, ಇದು ಯಾವ ಸೊಪ್ಪೆಂದು ಕೇಳಿದಳು.

ಗ್ತಾಫ್ ಎಂದಳು ಹ್ನಿಯಾ. ಬೂದು ಬಣ್ಣದ ಎಲೆ, ತವರಿನಲ್ಲಿ ಸದಾ ತಿನ್ನುತ್ತಿದ್ದದ್ದು. ಹಳೇ ಬಾವಿಯ ದಾರಿಯಲ್ಲಿ ಕೊಯ್ದು ತಂದಿದ್ದಳು.

ಸಾಲ್ಹಾ ತಟ್ಟನೆ ತಾಯಿಯ ಮಣಿಕಟ್ಟು ಹಿಡಿದಳು. "ಅತ್ಗೆ, ಅಲ್ಲಿ ಬಿದ್ದ ಗೋಡೆಗಳ ಸಂದೀಲಿ ಹುಚ್ಚು ಹೊಗೆಸೊಪ್ಪು ಬೆಳ್ದಿದೆ. ಅದ್ರದ್ದೂ ಬೂದು ಎಲೆನೇ. ನಿಮ್ಮೂರಲ್ಲಿಲ್ವಾ?"

ಇರಲಿಲ್ಲ. ಸಮುದ್ರದಾಚೆಯಿಂದ ಯಾರೋ ತಂದ ಗಿಡವದು. ಮಳೆ ಕೈಕೊಟ್ಟ ವರ್ಷವೂ ಹಸಿರಾಗಿಯೇ ನಿಲ್ಲುತ್ತದೆ, ಹಸಿದ ಮೇಕೆಯೂ ಮೂಸುವುದಿಲ್ಲ. ಹಿಂದೊಮ್ಮೆ ಪಕ್ಕದೂರಿನಲ್ಲಿ ಅದನ್ನು ಬೇಯಿಸಿ ತಿಂದ ಮನೆಯಿಂದ ಎರಡು ಹೆಣ ಹೊರಟಿದ್ದವು.

"ಹಳದಿ ಹೂವಿತ್ತಾ, ಉದ್ದುದ್ದ ಕೊಳವೆ ಥರ?" ಎಂದು ಸಾಲ್ಹಾ ಮತ್ತೆ ಕೇಳಿದಳು.

ಹ್ನಿಯಾ ಹೂವಿನ ಕಡೆ ನೋಡಿರಲಿಲ್ಲ. ಬೆಳಗಿನಿಂದ ಅವಳಿಗಿದ್ದದ್ದು ಅಡುಗೆ ಕೆಟ್ಟೀತೆಂಬ ಗಾಬರಿಯೊಂದೇ. ಸೊಪ್ಪನ್ನೆಲ್ಲ ಸಣ್ಣಗೆ ಹೆಚ್ಚಿ ಬೇಯಿಸಿಯಾಗಿತ್ತು. ಗುರುತು ಹಿಡಿಯಲು ಒಂದು ಎಲೆಯೂ ಉಳಿದಿರಲಿಲ್ಲ.

ಮಬ್ರೂಕಾ ಚಮಚ ಕೆಳಗಿಟ್ಟು, ಹೊಸ್ತಿಲಿಗೆ ಹೋಗಿ ಸೊಸೆಯ ಚಪ್ಪಲಿ ಎತ್ತಿ ನೋಡಿದಳು. ಅಡಿಯಲ್ಲಿ ಬಿಳಿ ಹಕ್ಕಳೆ. ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡಳು.

"ಉಪ್ಪುಬಯಲಿಗೆ ಇಳಿದಿದ್ದಾಳೆ. ಗ್ತಾಫ್ ಅಲ್ಲೇ ಬೆಳೆಯೋದು. ಆ ಪರದೇಶಿ ಗಿಡಕ್ಕೆ ಬಿದ್ದ ಮನೆ ಬೇಕು, ಉಪ್ಪುನೆಲ ಒಗ್ಗಲ್ಲ."

"ಆ ಬಿದ್ದ ಗೋಡೆ ದಾಟ್ಕೊಂಡೇ ಅಲ್ವೇನಮ್ಮ ಅಲ್ಲಿಗೆ ಹೋಗೋದು?" ಎಂದಳು ಸಾಲ್ಹಾ.

ಮಬ್ರೂಕಾ ಹರಿವಾಣವನ್ನು ತನ್ನೊಬ್ಬಳತ್ತ ಎಳೆದುಕೊಂಡು, ಅರ್ಧ ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಹ್ನಿಯಾ ಕಣ್ಣು ಮುಚ್ಚಿಕೊಂಡಳು.

"ಉಪ್ಪು ಎಷ್ಟು ಹಾಕ್ದೆ?"

ಹ್ನಿಯಾ ಯೋಚಿಸಿದಳು. "ಹಾಕೇ ಇಲ್ಲ ಅತ್ತೆ. ಮರ್ತೇ ಹೋಯ್ತು."

ಮಬ್ರೂಕಾ ನಕ್ಕು ಹರಿವಾಣವನ್ನು ನಡುವಿಗೆ ತಳ್ಳಿದಳು. "ಹಾಗಾದ್ರೆ ತಿನ್ನಿ. ಉಪ್ಪು ಹದವಾಗಿದೆ, ನಿನ್ನ ಪಾಲಿನದನ್ನ ಉಪ್ಪುನೆಲದ ಎಲೆನೇ ಹಾಕಿದೆ."

ಹ್ನಿಯಾ ಕಣ್ಣೊರೆಸಿಕೊಳ್ಳುತ್ತಲೇ ಹೊಟ್ಟೆ ತುಂಬ ಉಂಡಳು. ಚಪ್ಪಲಿಯ ಉಪ್ಪು ನೆಕ್ಕಿದಾಗಲೇ ಅತ್ತೆಗೆ ಖಾತ್ರಿಯಾಗಿತ್ತೋ, ಇಲ್ಲ ಅಗಿದ ಮೇಲೆಯೇ ಆಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.