ಕೈ ಹಚ್ಚರಿ

"ಕೈ ಹಚ್ಚರಿ ಮಾಸ್ತರ, ಇನ್ನೊಂದೀಟು ಕೈ ಹಚ್ಚರಿ!"

ಕಾರಿನ ಕಿಟಕಿಯಿಂದ ಕತ್ತು ಹೊರಹಾಕಿ ವಕೀಲ ಯಜ್ಞೇಶ್ವರರಾಯ ಕೂಗುತ್ತಿದ್ದ. ಹಿಂದೆ ಗೋವಿಂದಪ್ಪ ಮಾಸ್ತರ ಅಂಗಿಯ ತೋಳು ಮಡಚಿ, ಹಲ್ಲು ಕಚ್ಚಿ ದೂಡುತ್ತಿದ್ದ. ಸಪ್ತಾಪುರದ ಆ ಏರು ಸಣ್ಣದೇ, ಆದರೆ ಕಾರು ಸಣ್ಣದಲ್ಲ. ಮುಂಬಯಿಯಿಂದ ತರಿಸಿದ ವಿಲಾಯತಿ ಮಾಲು. ಬೆಣ್ಣೆಯ ಬಣ್ಣ, ಥಳಥಳಿಸುವ ಮೂತಿ, ಕೆಂಪು ಚರ್ಮದ ಗಾದಿ. ಧಾರವಾಡದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಹೀಗೆ ಹೆಜ್ಜೆಗೊಮ್ಮೆ ನಿಲ್ಲುವಂಥದ್ದೂ ಇನ್ನೊಂದಿರಲಿಲ್ಲ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

ಗೋವಿಂದಪ್ಪ ಬಂದದ್ದು ಕಾರು ದೂಡಲಿಕ್ಕಲ್ಲ, ರೂಮು ಕೇಳಲಿಕ್ಕೆ. ವಕೀಲರ ಗೇಟಿನ ಮೇಲೆ 'ಬಾಡಿಗೆಗೆ ಇದೆ' ಎಂಬ ಹಲಗೆ ನೋಡಿದ್ದ. ಕೆಂಡ ತುಂಬಿದ ತಂಬಿಗೆಯಿಂದ ಅಂಗಿಗೆ ಇಸ್ತ್ರಿ ತೀಡಿಕೊಂಡು ಹೊರಟಿದ್ದ. ಮೂರು ತಿಂಗಳಿಂದ ಅವನು ಮಲಗುತ್ತಿದ್ದುದು ತನ್ನ ಹೈಸ್ಕೂಲಿನ ನಕಾಶೆ ಇಡುವ ಕೋಣೆಯಲ್ಲಿ. ಸೋಮವಾರದೊಳಗೆ ಅದನ್ನು ಬಿಡಬೇಕೆಂದು ಹೆಡ್‌ಮಾಸ್ತರರ ಅಪ್ಪಣೆಯಾಗಿತ್ತು. ಊರಲ್ಲಿ ಹೆಂಡತಿ ಸತ್ಯವ್ವ ಪಾತ್ರೆ ಪಗಡ ಕಟ್ಟಿಟ್ಟುಕೊಂಡು ದಾರಿ ಕಾಯುತ್ತಿದ್ದಳು. ಏರಿನ ಬುಡದಲ್ಲೇ ವಕೀಲ ಸಿಕ್ಕ, ನಿಂತ ಕಾರಿನ ಸಮೇತ.

"ಗಣಿತದ ಮಾಸ್ತರರೇನು? ಛಲೋ ಆತು! ರೂಮು ನಿಮಗಽ ಅಂತ ತಿಳೀರಿ. ಮೊದಲ ಇದನ್ನ ಮ್ಯಾಲ ಹತ್ತಸ್ರಿ. ಹತ್ತೂವರಿ ಗಾಡಿಗೆ ನಮ್ಮ ತಾಯಿಯವರನ್ನ ಪುಣೆಕ್ಕ ಕಳಸಬೇಕು" ಎಂದಿದ್ದ.

ಏರು ಮುಗಿದು ಸಪಾಟು ರಸ್ತೆ ಬಂದಾಗ ಎಂಜಿನ್ನು ಗುರುಗುಟ್ಟಿ ಚಾಲೂ ಆಯಿತು. ಗೋವಿಂದಪ್ಪ ಬಾಗಿಲಿಗೆ ಕೈ ಚಾಚಿದ. "ಗಾದಿ ಹೊಸಾದದ ಮಾಸ್ತರ, ನಿಮ್ಮ ಕೈ ನೋಡ್ರಿ ಎಷ್ಟ ಕರಿ ಆಗ್ಯಾವ! ಹಿಂದಿಂದ ಬರ್ರಿ" ಎಂದು ವಕೀಲ ಮುಂದೆ ಹೋದ. ಹೋಗಲಿ ಬಿಡು, ರೂಮು ಸಿಕ್ಕಿತಲ್ಲ ಎಂದುಕೊಂಡು ಮಾಸ್ತರ ಹೊಗೆ ಕುಡಿಯುತ್ತ ಹಿಂದೆ ಓಡಿದ.

ಮನೆಯ ಮುಂದೆ ವಕೀಲ ಎಂಜಿನ್ನು ಬಂದ್ ಮಾಡದೆಯೇ ಕೆಳಗಿಳಿದ; ಮಾಡಿದರೆ ಅದು ಮತ್ತೆ ಏಳುವ ಭರವಸೆ ಇರಲಿಲ್ಲ. ತಾಯಿ ಕಾಶೀಬಾಯಿ ಗಂಟು ಸಮೇತ ಬಂದು ಹಿಂದಿನ ಗಾದಿಯಲ್ಲಿ ಕುಳಿತಳು. ಹೆಂಡತಿ ತಾರಾಬಾಯಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ರೂಮಿನ ಕೀಲಿಕೈ ಹಿಡಿದು ಹೊರಗೆ ಬಂದಳು.

"ಅಲ್ಲೆ ಹಂಡೇದಾಗ ನೀರದ, ಕೈ ತೊಳಕೋರಿ" ಎಂದ ವಕೀಲ, ಹಿಂದಿನಿಂದ ಓಡಿ ಬಂದ ಮಾಸ್ತರನಿಗೆ. "ಅಂದಂಗ ಊರು ಯಾವುದು?"

"ಉಪ್ಪಿನಬೆಟಗೇರಿ ರಿ."

"ಅರೇ! ಅಲ್ಲಿ ಅರ್ಧ ಊರು ನಮ್ಮ ಕಕ್ಷಿದಾರರು. ಯಾವ ಓಣಿ?"

ಇದು ಬಂದೇ ಬರುವ ಪ್ರಶ್ನೆ. ಇದೇ ಪ್ರಶ್ನೆಗೆ ಉತ್ತರ ಕೊಟ್ಟು ಅವನು ಈಗಾಗಲೇ ನಾಲ್ಕು ಮನೆ ಕಳೆದುಕೊಂಡಿದ್ದ. ಬೇರೆ ಓಣಿಯ ಹೆಸರು ಹೇಳೆಂದು ಗೆಳೆಯರು ಬುದ್ಧಿ ಹೇಳಿದ್ದರು. ಆದರೆ ಸುಳ್ಳು ಹೇಳಿ ಹೊಕ್ಕ ಮನೆಯಲ್ಲಿ ಸತ್ಯವ್ವನನ್ನು ದಿನಾ ಅಂಜಿಸಿ ಇಡುವುದು ಅವನಿಗೆ ಬೇಡವಾಗಿತ್ತು.

"ಹರಿಜನ ಓಣಿ ರಿ" ಎಂದು ಹೇಳಿ, ಹಂಡೆಯ ಮೇಲಿನ ತಂಬಿಗೆಗೆ ಬಾಗಿದ.

"ಏ! ಕೈ ಹಚ್ಚಬ್ಯಾಡ!"

ಚಾಚಿದ ಕೈ ಅಲ್ಲೇ ನಿಂತಿತು. ಬೆಳಗಿನಿಂದ ಮಾತಿಗೊಂದು 'ರಿ' ಸೇರಿಸುತ್ತಿದ್ದ ಬಾಯಿ ಅದು. ಒಂದೇ ಗಳಿಗೆಯಲ್ಲಿ ಎಲ್ಲವನ್ನೂ ವಾಪಸು ತೆಗೆದುಕೊಂಡಿತು. ತಾರಾಬಾಯಿ ಕೀಲಿಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಚಹಾದ ಜೊತೆಗೆ ಒಳಗೆ ಹೋದಳು.

ವಕೀಲ ದನಿ ತಗ್ಗಿಸಿದ. "ನಂದೇನೂ ಇಲ್ಲ ನೋಡು. ಸ್ವಾತಂತ್ರ್ಯ ಬಂದು ಹದಿನೈದು ವರ್ಷ ಆತು, ನಾವೆಲ್ಲಾ ಸುಧಾರಿಸಿದವರು. ಆದರ ಮನ್ಯಾಗ ತಾಯಿಯವರಿದ್ದಾರ, ಭಾಳ ಮಡಿ. ಮತ್ತ ಆ ರೂಮು ಬ್ಯಾರೆಯವರಿಗೆ ಮಾತು ಕೊಟ್ಟಂಗ ಆಗೇದ."

"ಯಾವಾಗ ಕೊಟ್ರಿ ಆ ಮಾತು? ಏರಿನ ಬುಡಕ್ಕ ನನಗ ಕೊಟ್ರಲ್ಲ, ಅದರ ಮೊದಲೋ, ಆಮ್ಯಾಲೋ?"

ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ವಕೀಲ ಕಾರಿನ ಕಡೆ ಮುಖ ತಿರುಗಿಸಿದ. ಗೋವಿಂದಪ್ಪ ಹಂಡೆ ಬಿಟ್ಟು ಗೇಟಿನ ಕಡೆ ನಡೆದ. ಇವರ ಕಾರು ದೂಡಿ ಕೈ ಕರಿ ಮಾಡಿಕೊಳ್ಳಬಹುದು, ಆ ಕರಿ ತೊಳೆದುಕೊಳ್ಳಲು ಇವರ ತಂಬಿಗೆ ಮುಟ್ಟಬಾರದು! ಇದು ಯಾವ ಸೀಮೆಯ ಶಾಸ್ತ್ರ? ಅವನು ಗೇಟು ದಾಟಿದ.

ಹಿಂದೆ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ವಕೀಲ ಒಳಗೆ ಕುಳಿತು ಕೀಲಿ ತಿರುವಿದ, ಹಾರ್ನ್ ಒತ್ತಿದ, ಮತ್ತೆ ತಿರುವಿದ. ರಸ್ತೆಯಲ್ಲಿ ಬೇರೊಂದು ನರಪಿಳ್ಳೆ ಇರಲಿಲ್ಲ.

"ಮಾಸ್ತರ! ಓ ಮಾಸ್ತರ! ಅದು ಬ್ಯಾರೆ, ಇದು ಬ್ಯಾರೆ. ಸಿಟ್ಟಾಗಬ್ಯಾಡ್ರಿ. ಒಂದೀಟು ಕೈ ಹಚ್ಚರಿ!"

'ರಿ' ಮರಳಿ ಬಂದಿತ್ತು. ಗೋವಿಂದಪ್ಪ ನಿಂತು ತಿರುಗಿ ನೋಡಿದ.

"ತಾಯಿಯವರು ಒಳಗಽ ಕುಂತಾರಲ್ರಿ. ಭಾಳ ಮಡಿ ಅಂದ್ರಿ?"

ಹಿಂದಿನ ಕಿಟಕಿಯಿಂದ ಕಾಶೀಬಾಯಿ ತಲೆ ಹೊರಹಾಕಿದಳು. "ಕಬ್ಬಿಣಕ್ಕ ಮೈಲಿಗಿ ಆಗೂದಿಲ್ಲಪಾ. ಹಚ್ಚು, ಹಚ್ಚು, ಲಗೂ ಹಚ್ಚು, ಗಾಡಿ ತಪ್ಪತದ!"

ಗೋವಿಂದಪ್ಪ ಇನ್ನೂ ತೊಳೆಯದ ತನ್ನ ಎರಡೂ ಅಂಗೈ ನೋಡಿಕೊಂಡ.

"ಕಬ್ಬಿಣಕ್ಕ ಆಗೂದಿಲ್ರಿ ಅವ್ವಾರ, ಖರೇ" ಎಂದ. "ನನ್ನ ಕೈಗೆ ಆಗತೈತ್ರಿ."