ಮಷೀನಿಲ್ಲದ ಸ್ಟ್ಯಾಂಡು

ಹೊಲಿಗೆ ಮಷೀನಿಗೆ ಎಣ್ಣೆ ಬಿಡುವಾಗ ಇಂದಿಗೂ ಆ ವಾಸನೆಗೆ ನಮ್ಮೂರು ಕೊಡ್ಲಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹೆಂಗಸರು ಊರಲ್ಲೇ ದುಡಿಯಲೆಂದು ಸರ್ಕಾರ ಅವ್ವನಿಗೆ ಹೊಲಿಗೆ ಕಲಿಸಿ ಮಷೀನು ಕೊಟ್ಟಿತ್ತು. ಅದರ ಸ್ಟ್ಯಾಂಡು ಮಾತ್ರ ಬಂದಿರಲಿಲ್ಲ. ಕಾದು ಕಾದು ಅವ್ವ ಮಷೀನನ್ನು ಹಳೇ ಸೀರೆಯಲ್ಲಿ ಕಟ್ಟಿಕೊಂಡು, ನನ್ನನ್ನು ಅಜ್ಜಿ ಆಯಿಯ ಹತ್ತಿರ ಬಿಟ್ಟು, ಹೈದರಾಬಾದಿನ ದರ್ಜಿ ಅಂಗಡಿಗೆ ದುಡಿಯಲು ಹೋದಳು. ಆಮೇಲೆ ಒಂದು ಮಧ್ಯಾಹ್ನ ಸರ್ಕಾರದ ಸಾಹೇಬರ ಟೆಂಪೋ ಬಂತು.

"ಸ್ಟ್ಯಾಂಡ್ ತಂದೀವ್ರಿ. ನಿಮ್ಮ ಸೊಸಿ ಎಲ್ಲಿ?" ಎಂದರು ಸಾಹೇಬರು.

"ಅಕಿ ಹೋದಳ್ರಿ. ಮಷೀನಿನ ಕಾಲು ಈಗ ತಂದೀರಿ, ಯಾರಿಗಿ ಹಚ್ಚಲಿ?" ಎಂದಳು ಆಯಿ.

ಅವರು ಹೋದ ಮೇಲೆ ನಾನು ಕೂತು ಪೆಡಲ್ ತುಳಿದೆ. ಹೊಸ ಎಣ್ಣೆಯ ಚಕ್ರ ಸದ್ದಿಲ್ಲದೆ ತಿರುಗಿತು.

"ಏನ್ ಹೊಲಿಯಾಕತ್ತೀ, ನನ್ನವ್ವಾ?" ಎಂದಳು ಆಯಿ.

"ಫ್ರಾಕು. ಅವ್ವ ಬಂದಾಗ ಹಾಕ್ಕೋತೀನಿ."

ಮಷೀನಿಲ್ಲದ ಹಲಗೆಯನ್ನು ಆಯಿ ಸೆರಗಿನಿಂದ ಒರೆಸಿದಳು. "ಒಂದೀಟು ಉದ್ದ ಹೊಲಿ. ಅಕಿ ಬರೂದ್ರಾಗ ನೀ ಬೆಳೀತಿ."