ಕೇಳದೆ ಬಯಸಿದ ಉತ್ತರ

ತಮ್ಮ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ಅಣ್ಣ ಅವನ ಕನ್ನಡಕ ಒಯ್ಯಲೆಂದು ಕಾರ್ಖಾನೆಯ ಉಪಕರಣ ಪರೀಕ್ಷಾ ಕೊಠಡಿಗೆ ಬಂದಿದ್ದ. ಇಬ್ಬರೂ ಅಲ್ಲೇ ಕೆಲಸಕ್ಕಿದ್ದವರು. ಫೋನ್ ಕೆಳಗಿಟ್ಟು ತಮ್ಮನ ಕುರ್ಚಿಯಲ್ಲಿ ಕುಳಿತ. ಎದುರಿಗೆ ವೋಲ್ಟೇಜ್ ಅಳೆಯುವ ಯಂತ್ರದ ಮೇಲೆ ದೋಷದ ಕೆಂಪು ದೀಪ ಉರಿಯುತ್ತಲೇ ಇತ್ತು. ಹಿಂದಿನ ಸಂಜೆ ಎದೆ ಹಿಡಿದುಕೊಂಡು ಎದ್ದುಹೋಗುವ ಮುನ್ನ ತಮ್ಮ ಕಂಪ್ಯೂಟರಿನಿಂದ ಕಳುಹಿಸಿದ್ದ ಆಜ್ಞೆಯಲ್ಲಿ ಏನೋ ತಪ್ಪಿತ್ತು. ಅಂಥ ತಪ್ಪುಗಳನ್ನು ಯಂತ್ರ ಸಾಲಾಗಿ ನೆನಪಿಟ್ಟುಕೊಂಡಿರುತ್ತದೆ. ಕೇಳಿದರೆ ಒಂದು ಸಲ ಹೇಳುತ್ತದೆ, ಹೇಳಿದ್ದನ್ನು ಆ ಕ್ಷಣವೇ ಮರೆತುಬಿಡುತ್ತದೆ.

“ಸರ್, ನೀವು ಹೊರಡಿ. ಅದನ್ನ ನಾನು ಅಳಿಸಿಬಿಡ್ತೀನಿ,” ಎಂದಳು ಪಕ್ಕದ ಮೇಜಿನವಳು.

“ಬೇಡಮ್ಮ. ಏನು ಎಡವಟ್ಟು ಮಾಡಿದ್ದಾನೋ ನಾನೇ ಕೇಳ್ತೀನಿ. ಚಿಕ್ಕಂದಿನಿಂದ ಅವನ ಮೇಲಿನ ದೂರೆಲ್ಲ ಕೇಳಿಸಿಕೊಂಡು ಬಂದವನು ನಾನೇ ಅಲ್ವಾ?”

ಅವಳು ಮೆಲ್ಲನೆ ಹೊರಗೆ ಹೋದಳು. ದೋಷವೇನೆಂದು ಯಂತ್ರವನ್ನು ಕೇಳುವ ಗುಂಡಿಯ ಮೇಲೆ ಅಣ್ಣನ ಬೆರಳು ತಡೆದು ನಿಂತಿತು. ಒತ್ತಿದರೆ ತಮ್ಮನ ಕೆಲಸದ ಕೊನೆಯ ಗುರುತೂ ಈ ಕೋಣೆಯಲ್ಲಿ ಉಳಿಯದು. ಬಹಳ ಹೊತ್ತಿನ ಮೇಲೆ ಒತ್ತಿದ. ಪರದೆಯ ಮೇಲೆ ಒಂದೇ ಸಾಲು ಬಂತು: ಪ್ರಶ್ನೆ ಕೇಳದೆಯೇ ಉತ್ತರ ಬಯಸಲಾಗಿದೆ.

ಅದೇ ಹಳೆಯ ತಪ್ಪು: ಅಳತೆ ಎಷ್ಟೆಂದು ಯಂತ್ರವನ್ನು ಕೇಳುವ ಮೊದಲೇ ಅದರ ಉತ್ತರ ಓದಲು ಹೋಗುವುದು. “ಮೊದಲು ಕೇಳೋ, ಆಮೇಲೆ ಕೈ ಚಾಚು,” ಎಂದು ಅಣ್ಣ ಎಷ್ಟು ಗದರಿದರೂ, “ನೀನಿರೋವಾಗ ಕೇಳಿ ತಗೊಳ್ಳೋ ಅಭ್ಯಾಸ ಎಲ್ಲಿಂದ ಬರುತ್ತೆ?” ಎಂದು ತಮ್ಮ ನಗುತ್ತಿದ್ದ.

ಕೆಂಪು ದೀಪ ಆರಿತು. ಅಣ್ಣ ಕನ್ನಡಕವನ್ನು ಜೇಬಿಗಿಟ್ಟುಕೊಂಡು, ಖಾಲಿ ಕೋಣೆಯಲ್ಲಿ ಎದ್ದು ನಿಂತು ಕೈಮುಗಿದ.

“ದೇವರೇ, ಇವನಿಗೆ ಕೇಳುವುದು ಗೊತ್ತಿಲ್ಲ. ಕೇಳದಿದ್ದರೂ ಶಾಂತಿ ಕೊಡು.”